24ರಲ್ಲಿ ಒಂದು ಸೆಲ್ ಕೆಟ್ಟರೆ ನಷ್ಟವೆಷ್ಟು?

ಕೆಟ್ಟ ಸೆಲ್ಲಿನ ಸ್ವಂತ ಕೊರತೆ 0.13 ಯೂನಿಟ್. ಅದರಿಂದ ಇಡೀ ಪ್ಯಾಕ್ ಕಳೆದುಕೊಳ್ಳುವ ಸಾಮರ್ಥ್ಯ 3.07 ಯೂನಿಟ್. ಹಳೆ ಕಾರಿಗೆ ಮೋಟರು ಕೂರಿಸಿ ವಿದ್ಯುತ್ ಕಾರು ಕಟ್ಟಿಕೊಂಡವರು ಬ್ಯಾಟರಿ ಹೋಯಿತೆಂದು ಗಾಬರಿಪಡುವ ಮೊದಲು ಈ ಎರಡು ಅಂಕಿಗಳನ್ನು ನೋಡಬೇಕು.

3.2 ವೋಲ್ಟ್, 100 ಆಂಪಿಯರ್-ಅವರ್‌ನ 24 ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ 76.8 ವೋಲ್ಟ್, 7.68 ಯೂನಿಟ್. ಶೇ. 80ರಷ್ಟು ಬಳಸಿ, ಕಿಲೋಮೀಟರಿಗೆ 0.1 ಯೂನಿಟ್ ಹಿಡಿದರೆ 61 ಕಿ.ಮೀ. ಓಡುತ್ತದೆ. ಒಂದೇ ಒಂದು ಸೆಲ್ 60 ಆಂಪಿಯರ್-ಅವರ್‌ಗೆ ಇಳಿದರೆ ಮಿಕ್ಕ 23ಕ್ಕೂ ಅದೇ ಮಿತಿ; ಮೊದಲು ಹೇಳಿದ ಎರಡು ಅಂಕಿ ಬರುವುದು ಇಲ್ಲಿಂದಲೇ. ಓಟ 37 ಕಿ.ಮೀ.ಗೆ ಬೀಳುತ್ತದೆ. ಪುತ್ತೂರಿನಿಂದ ಕುಂಬ್ರ, ಕಾವು, ಜಾಲ್ಸೂರು ದಾಟಿ ಸುಳ್ಯಕ್ಕೆ ಸುಮಾರು 35 ಕಿ.ಮೀ. ದಾರಿಯ ಚಡಾವುಗಳನ್ನು ಲೆಕ್ಕಕ್ಕೆ ತಂದರೆ ಸುಳ್ಯ ಮುಟ್ಟುವುದೇ ಅನುಮಾನ.

ಯಾವ ಸೆಲ್ ಎಂದು ಹುಡುಕುವುದೇ ನಿಜವಾದ ಕೆಲಸ. ನಿಂತ ಕಾರಿನಲ್ಲಿ ಮಲ್ಟಿಮೀಟರ್ ಹಿಡಿದರೆ ಏನೂ ತಿಳಿಯದು. ಈ ಜಾತಿಯ ಸೆಲ್ ಶೇ. 30 ತುಂಬಿದ್ದರೂ 70 ತುಂಬಿದ್ದರೂ ಹೆಚ್ಚುಕಡಿಮೆ 3.3 ವೋಲ್ಟನ್ನೇ ತೋರಿಸುತ್ತದೆ. ಚಡಾವಿನಲ್ಲಿ 100 ಆಂಪಿಯರ್ ಎಳೆಯುವಾಗ ಮಾತ್ರ ಗುಟ್ಟು ಹೊರಬೀಳುತ್ತದೆ. ಒಳರೋಧ 1 ಮಿಲಿಓಮ್ ಇರುವ ಸೆಲ್ 0.1 ವೋಲ್ಟ್ ಇಳಿದರೆ, 5 ಮಿಲಿಓಮ್‌ನದ್ದು 0.5 ವೋಲ್ಟ್ ಇಳಿಯುತ್ತದೆ. ಮೊದಲನೆಯದು ಉಗುಳುವ ಶಾಖ 10 ವ್ಯಾಟ್, ಎರಡನೆಯದು 50.

ಆದರೂ ತಕ್ಷಣ ಸೆಲ್ ಬಿಚ್ಚಬೇಡಿ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಜಿಲ್ಲೆ ಪುತ್ತೂರಿನದು; ಸೆಲ್‌ಗಳನ್ನು ಬೆಸೆಯುವ ಬಸ್‌ಬಾರಿನ ನಟ್ಟಿನಡಿ ಕಿಲುಬು ಹಿಡಿದು 2 ಮಿಲಿಓಮ್ ಸೇರಿಕೊಂಡರೂ 0.2 ವೋಲ್ಟ್ ಹೋಗುತ್ತದೆ. ಮೀಟರಿನ ಮೊನೆಯನ್ನು ಬಸ್‌ಬಾರಿಗಲ್ಲ, ಸೆಲ್ಲಿನ ಟರ್ಮಿನಲ್ಲಿಗೇ ಇಡಿ. ಇಳಿತ ಮಾಯವಾದರೆ ನಟ್ಟು ಬಿಚ್ಚಿ ಉಜ್ಜಿ ಬಿಗಿದರೆ ಸಾಕು, ಖರ್ಚು ಹೆಚ್ಚುಕಡಿಮೆ ಸೊನ್ನೆ. ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ. ಚಾರ್ಜಿನಲ್ಲಿ ಎಲ್ಲಕ್ಕಿಂತ ಮೊದಲು 3.65 ವೋಲ್ಟ್ ಮುಟ್ಟಿ, ಓಡುವಾಗಲೂ ಮೊದಲು ಬರಿದಾಗುವ ಸೆಲ್ ನಿಜಕ್ಕೂ ಸೊರಗಿದೆ. ಓಡುವಾಗ ಮೊದಲು ಬರಿದಾಗಿ, ಚಾರ್ಜಿನಲ್ಲಿ ಕೊನೆಗೆ ತುಂಬುವುದು ಸೊರಗಿದ್ದಲ್ಲ, ಹಿಂದೆ ಬಿದ್ದದ್ದು. ಬೇರೆಯಾಗಿ ಚಾರ್ಜ್ ಮಾಡಿ ಸಮ ಮಾಡಿದರೆ ಮುಗಿಯಿತು. ತಿರುಗಿ ತಿರುಗಿ ಹಿಂದೆ ಬಿದ್ದರೆ ಮಾತ್ರ ಒಳಗೇ ಸೋರುತ್ತಿದೆ ಎಂದರ್ಥ. ಖಾತ್ರಿಗೆ, ತುಂಬಿದ ಸೆಲ್ಲಿನಿಂದ 20 ಆಂಪಿಯರ್ ಎಳೆಯಿರಿ: ಆರೋಗ್ಯವಂತ ಸೆಲ್ 5 ಗಂಟೆ ಬಾಳುತ್ತದೆ, ಕೆಟ್ಟದ್ದು 3 ಗಂಟೆ.

ಸೆಲ್ಲಿಗೆ 4,000 ರೂ. ಎಂದಿಟ್ಟುಕೊಳ್ಳೋಣ. ಶೇ. 18 ಜಿಎಸ್‌ಟಿ ಸೇರಿ 4,720. ಇಡೀ ಪ್ಯಾಕಿಗೆ 1,13,280. ಬೆಂಗಳೂರಿನ ವಿದ್ಯುತ್ ಕಾರು ರೇವಾ 2001ರಲ್ಲಿ ರಸ್ತೆಗಿಳಿದಾಗ ಅದರಲ್ಲಿದ್ದದ್ದು 6 ವೋಲ್ಟಿನ 8 ಸೀಸದ ಬ್ಯಾಟರಿ. ಅಲ್ಲಿ ಒಂದು ಕೆಟ್ಟರೆ ಎಂಟನೇ ಒಂದು ಪಾಲಿನ ಖರ್ಚು, ಇಲ್ಲಿ ಇಪ್ಪತ್ತನಾಲ್ಕನೇ ಒಂದು ಪಾಲು.

ಹೊಸ ಸೆಲ್ಲನ್ನು ಬಂದ ಹಾಗೆಯೇ ಕೂರಿಸಬಾರದು. ಅದು ಶೇ. 40, ಉಳಿದವು 80 ತುಂಬಿದ್ದರೆ ಅಂತರ 40 ಆಂಪಿಯರ್-ಅವರ್. 50 ಮಿಲಿಆಂಪಿಯರ್‌ನಲ್ಲಿ ಸೆಲ್‌ಗಳನ್ನು ಸಮ ಮಾಡುವ ನಿಗಾ ಸರ್ಕ್ಯೂಟಾದ ಬಿಎಂಎಸ್‌ಗೆ ಅದು 800 ಗಂಟೆಯ ಕೆಲಸ. 3.65 ವೋಲ್ಟ್‌ಗೆ ಮಿತಿ ಹಾಕಿದ 10 ಆಂಪಿಯರ್ ಚಾರ್ಜರಿನಲ್ಲಿ 4 ಗಂಟೆ. ಕೈಹಾಕುವ ಮೊದಲು ಫ್ಯೂಸ್ ತೆಗೆಯಿರಿ, ಸ್ಪ್ಯಾನರಿಗೆ ಹಿಡಿಯ ತುದಿಯವರೆಗೆ ಇನ್ಸುಲೇಶನ್ ಟೇಪ್ ಸುತ್ತಿ. ತುಂಬಿದ ಪ್ಯಾಕಿನಲ್ಲಿ 87.6 ವೋಲ್ಟ್‌ವರೆಗೂ ಇರಬಹುದು, ಅದು ಜೀವಕ್ಕೆ ಅಪಾಯ.

ಇನ್ನು ಕಾಗದಪತ್ರದ ಮಾತು: ಪೆಟ್ರೋಲ್ ಕಾರನ್ನು ವಿದ್ಯುತ್ತಿಗೆ ಬದಲಿಸಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಸಿಯಲ್ಲಿ ಅದು ದಾಖಲಾಗಿರಬೇಕು. ಕೆಎ-21ರ ಗಾಡಿಗಳಿಗೆ ಪುತ್ತೂರಿನ ಆರ್‌ಟಿಒ ಕಚೇರಿಯೇ ಇದೆ.

ನನ್ನ ತೀರ್ಪು: ಒಂದೆರಡು ಸೆಲ್ ಕೆಟ್ಟರೆ ಬದಲಿಸಿ. ಐದಾರು ಒಟ್ಟಿಗೆ ಸೊರಗಿದ್ದರೆ ಉಳಿದವೂ ಅದೇ ದಾರಿಯಲ್ಲಿವೆ. ಆಗ ಬಿಡಿ ಸೆಲ್ಲಿಗೆ ದುಡ್ಡು ಸುರಿಯದೆ ಹೊಸ ಪ್ಯಾಕಿಗೆ ಕೂಡಿಡಿ.