ನೊರೆ ಸುರಿಸುವ ನಾಯಿಗೆಲ್ಲ ಹುಚ್ಚಲ್ಲ

ಚಳ್ಳಕೆರೆ, ಮೊಳಕಾಲ್ಮುರು ಕಡೆ ಮಳೆಯೇ ಅಪರೂಪ. ಬಂದಾಗ ಮಾತ್ರ ಮಣ್ಣಿನಲ್ಲಿ, ಕಲ್ಲುಸಂದಿಯಲ್ಲಿ ಅಡಗಿದ್ದ ನೆಲಗಪ್ಪೆಗಳು ಒಮ್ಮೆಗೇ ಹೊರಬೀಳುತ್ತವೆ. ದೀಪಕ್ಕೆ ಮುತ್ತುವ ಹುಳು ಹಿಡಿಯಲು ಅಂಗಳಕ್ಕೂ ಬರುತ್ತವೆ. ಅಂಥ ಸಂಜೆ ಮನೆಯ ನಾಯಿಮರಿ ನೊರೆ ಸುರಿಸುತ್ತ ಒದ್ದಾಡಿದರೆ ‘ಹುಚ್ಚು ಹಿಡಿದಿದೆ, ಹೊಡೆಯಿರಿ’ ಎನ್ನುವವರೇ ಹೆಚ್ಚು. ಆದರೆ ಅದು ಕಪ್ಪೆಯ ವಿಷವೂ ಇರಬಹುದು.

ವಿಷ ಎಲ್ಲಿದೆ?

ನೆಲಗಪ್ಪೆಯ ಚರ್ಮ ಒರಟು, ಗಂಟುಗಂಟು. ಕಣ್ಣುಗಳ ಹಿಂದೆ ಉಬ್ಬಿದ ಎರಡು ಗ್ರಂಥಿಗಳಿವೆ. ನಾಯಿ ಕಚ್ಚಿದೊಡನೆ ಅವುಗಳಿಂದ ಹಾಲಿನಂಥ ದ್ರವ ಒಸರುತ್ತದೆ. ಹೃದ್ರೋಗಿಗಳಿಗೆ ಕೊಡುವ ಡಿಜಾಕ್ಸಿನ್ ಔಷಧದಂತೆ ಹೃದಯದ ಮೇಲೆ ಕೆಲಸ ಮಾಡುವ ಅಂಶಗಳು ಅದರಲ್ಲಿವೆ. 1935ರಲ್ಲಿ ಕಬ್ಬಿನ ಕೀಟ ತಿನ್ನಲೆಂದು ಆಸ್ಟ್ರೇಲಿಯಾಕ್ಕೆ ತಂದ ದೊಡ್ಡ ಕಪ್ಪೆಗಳಿಂದ ಅಲ್ಲಿ ನಾಯಿಗಳು ಸಾಯುವುದುಂಟು. ನಮ್ಮ ಕಪ್ಪೆ ಅದಕ್ಕಿಂತ ಚಿಕ್ಕದು. ಆದರೂ ಪುಟ್ಟ ಮರಿಗಳಿಗೆ ಅಪಾಯ ತಪ್ಪಿದ್ದಲ್ಲ.

ಗುರುತಿಸುವುದು ಹೇಗೆ?

ಕಪ್ಪೆ ಕಚ್ಚಿದ ಕೆಲವೇ ನಿಮಿಷಗಳಲ್ಲಿ ಜೊಲ್ಲು, ನೊರೆ ಬರುತ್ತದೆ. ನಾಯಿ ಪಂಜದಿಂದ ಬಾಯಿ ಉಜ್ಜಿಕೊಳ್ಳುತ್ತದೆ, ವಸಡು ಕೆಂಪಾಗುತ್ತದೆ, ವಾಂತಿಯೂ ಆಗಬಹುದು. ವಿಷ ಹೆಚ್ಚಾದರೆ ತೂರಾಟ, ನಡುಕ, ಫಿಟ್ಸ್ ಬರುತ್ತವೆ. ಹುಚ್ಚುರೋಗದಲ್ಲಿ ಸಾಮಾನ್ಯವಾಗಿ ನಾಯಿಯ ನಡವಳಿಕೆ ಮೊದಲೇ ಬದಲಾಗಿ, ದಿನೇ ದಿನೇ ಉಲ್ಬಣಿಸುತ್ತದೆ.

ಕೂಡಲೇ ಏನು ಮಾಡಬೇಕು?

ನಾಯಿಗೆ ರೇಬಿಸ್ ಲಸಿಕೆ ಆಗಿದ್ದು, ಕಪ್ಪೆ ಹಿಡಿದದ್ದನ್ನು ನೀವೇ ಕಂಡಿದ್ದರೆ ಅದರ ತಲೆ ಬಗ್ಗಿಸಿ, ಬಾಯಿಯ ಪಕ್ಕದಿಂದ ಹತ್ತು ನಿಮಿಷ ನೀರು ಹರಿಸಿ ತೊಳೆಯಿರಿ. ನೀರು ಗಂಟಲಿಗೆ ಇಳಿಯಬಾರದು, ಹೊರಕ್ಕೆ ಹರಿಯಬೇಕು. ಒದ್ದೆ ಬಟ್ಟೆಯಿಂದ ವಸಡು ಒರೆಸಿ. ಹಾಲು, ಮಜ್ಜಿಗೆ, ಎಣ್ಣೆ ಕುಡಿಸಬೇಡಿ, ವಾಂತಿ ಮಾಡಿಸಬೇಡಿ. ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ತೂರಾಟ, ಫಿಟ್ಸ್ ಇದ್ದರೆ ತೊಳೆಯುತ್ತ ಕೂರದೆ ಹೊರಡಿ.

ಲಸಿಕೆ ಆಗಿಲ್ಲ, ಕಪ್ಪೆಯನ್ನೂ ಯಾರೂ ಕಂಡಿಲ್ಲ ಎಂದರೆ ಬಾಯಿಗೆ ಕೈ ಹಾಕಬೇಡಿ. ಮಕ್ಕಳನ್ನು ದೂರವಿಟ್ಟು ಪಶುವೈದ್ಯರನ್ನು ಕರೆಸಿ. ನಾಯಿ ಕಚ್ಚಿದರೆ, ಪರಚಿದರೆ, ಅಥವಾ ಜೊಲ್ಲು ಗಾಯಕ್ಕೆ ತಗುಲಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಬಂದು ಚುಚ್ಚುಮದ್ದು ಪಡೆಯಿರಿ. ‘ಕಪ್ಪೆಯ ವಿಷವೇ ಇರಬೇಕು’ ಎಂದು ಕಾಯುವುದು ಬೇಡ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ತೀರಾ ವಿರಳ.

ತಡೆಯುವುದು ಸುಲಭ

ಮಳೆಗಾಲದ ರಾತ್ರಿ ಮರಿಗಳನ್ನು ಒಳಗೆ ಮಲಗಿಸಿ. ಅಂಗಳದ ದೀಪ ಅಗತ್ಯವಿದ್ದಾಗ ಮಾತ್ರ ಉರಿಸಿ. ನಾಯಿಯ ನೀರಿನ ಬಟ್ಟಲಲ್ಲಿ ಕಪ್ಪೆ ಕೂರುವುದುಂಟು. ರಾತ್ರಿ ಬರಿದು ಮಾಡಿ, ಬೆಳಿಗ್ಗೆ ತೊಳೆದು ತುಂಬಿ. ಬಚ್ಚಲ ಹಿಂದಿನ ಕಲ್ಲು, ಕಟ್ಟಿಗೆ ರಾಶಿ ತೆಗೆಯಿರಿ. ಕಪ್ಪೆ ಮುಟ್ಟಿದ ಮಕ್ಕಳು ಕಣ್ಣುಜ್ಜಿಕೊಳ್ಳದೆ ಸೋಪಿನಿಂದ ಕೈ ತೊಳೆಯಲಿ. ಕಪ್ಪೆ ಮುಟ್ಟಿದರೆ ನರುಲಿ ಏಳುತ್ತದೆ ಎಂಬುದು ಸುಳ್ಳು. ನರುಲಿಗೆ ಕಾರಣ ವೈರಸ್.

ಕಪ್ಪೆಗಳನ್ನು ಕೊಲ್ಲಬೇಡಿ. ಹುಳುಹುಪ್ಪಟೆ ತಿಂದು ನಮಗೆ ಉಪಕಾರವನ್ನೇ ಮಾಡುತ್ತವೆ. ಮೊರದಿಂದ ಬಕೆಟ್ಟಿಗೆ ತಳ್ಳಿ ಬೇಲಿಯಾಚೆ ಬಿಟ್ಟರೆ ಸಾಕು. ನಾಯಿಗೆ ಮಾತ್ರ ರೇಬಿಸ್ ಲಸಿಕೆ ತಪ್ಪಿಸಬೇಡಿ. ಮುಂದೊಂದು ದಿನ ಅದು ನೊರೆ ಸುರಿಸಿದಾಗ, ನೀವು ಧೈರ್ಯವಾಗಿ ಹತ್ತಿರ ಹೋಗಿ ಬಾಯಿ ತೊಳೆಯಲು ಆ ಲಸಿಕೆಯೇ ಆಧಾರ.