ದೂರಮಾನವೂ ಕಾಲಮಾನವೂ

ಊರಿಂದೂರಿಗೆ ದೂರವೆಷ್ಟೆಂದು ಕೇಳಿದವರಿಗೆ ನಮ್ಮ ಹಿರಿಯರು ‘ಒಂದು ದಿನದ ದಾರಿ’ ಎಂದು ಕಾಲವನ್ನೇ ಉತ್ತರವಾಗಿ ಹೇಳುತ್ತಿದ್ದರು. ಇದು ಅಳತೆಯನ್ನರಿಯದವರ ಮಾತೆಂದು ತಳ್ಳಿಹಾಕುವುದು ಯುಕ್ತವಲ್ಲ. ‘ಯೋಜನ’ ಶಬ್ದವೇ ಇದಕ್ಕೆ ಸಾಕ್ಷಿ. ‘ಯುಜ್’ ಧಾತುವಿಗೆ ಕೂಡಿಸು, ನೊಗಕ್ಕೆ ಹೂಡು ಎಂದರ್ಥ. ಒಮ್ಮೆ ಹೂಡಿದ ಪಶುಗಳನ್ನು ಬಿಚ್ಚದೆ ಸಾಗುವಷ್ಟು ದಾರಿಯೇ ಯೋಜನ. ಎಂದರೆ ಅದು ಮೊದಲು ಪ್ರಯಾಣದ ಮಾನ, ಆಮೇಲೆ ನೆಲದ ಮಾನ.

ಜ್ಯೋತಿಶ್ಶಾಸ್ತ್ರಕಾರರು ಅದನ್ನು ನೆಲದ ಮಾನವಾಗಿ ಸ್ಥಿರಪಡಿಸಿದರೂ ಐಕಮತ್ಯವುಂಟಾಗಲಿಲ್ಲ. ಆರ್ಯಭಟನಿಗೆ 8000 ಆಳುದ್ದ ಒಂದು ಯೋಜನ, ಭೂವ್ಯಾಸ 1050 ಯೋಜನ. ಸೂರ್ಯಸಿದ್ಧಾಂತದಲ್ಲಿ ಭೂವ್ಯಾಸ 1600 ಯೋಜನ. ಈಗ ತಿಳಿದಿರುವ 12,742 ಕಿಲೋಮೀಟರಿನ ವ್ಯಾಸವನ್ನು ಇವುಗಳಿಂದ ಭಾಗಿಸಿದರೆ ಮೊದಲನೆಯ ಯೋಜನ ಸುಮಾರು 12, ಎರಡನೆಯದು ಸುಮಾರು 8 ಕಿಲೋಮೀಟರು ಆಗುತ್ತದೆ.

ದಾರಿಯ ದೂರ, ನೇರದ ದೂರ, ಕಾಲ ಎಂಬೀ ಮೂರೂ ಬೇರೆ ಬೇರೆ ಎಂಬುದಕ್ಕೆ ನಮ್ಮ ಮಲೆಸೀಮೆಯೇ ಉದಾಹರಣೆ. ಆಲೂರನ್ನು ದಾಟಿ ಸಕಲೇಶಪುರಕ್ಕೆ ಬಂದ ರೈಲುಮಾರ್ಗವು ಅಲ್ಲಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಸುಮಾರು 55 ಕಿಲೋಮೀಟರು ಇಳಿಯುತ್ತದೆ. ನಡುವೆ 57 ಸುರಂಗಗಳುಂಟು. ನೇರರೇಖೆಯಲ್ಲಿ ದೂರ ಇದಕ್ಕಿಂತ ಬಹಳ ಕಡಮೆ. ಆದರೂ ಎರಡು ಗಂಟೆಗೂ ಮಿಕ್ಕಿ ಹಿಡಿಯುವುದು ವಾಡಿಕೆ.

ಆಕಾಶದಲ್ಲಿ ಘಟ್ಟಗಳಿಲ್ಲ, ಅಲ್ಲಿಯಾದರೂ ದೂರ ಒಂದೇ ಆಗಿರಬೇಕಲ್ಲವೆ ಎಂದು ಶಂಕಿಸಬಹುದು. ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ಬೆಂಗಳೂರಿಗೆ 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂದಿತು. ಭೂಗೋಳದ ಮೇಲೆ ಈ ಎರಡು ನಗರಗಳ ಅತ್ಯಲ್ಪ ದೂರ 13,993 ಕಿಲೋಮೀಟರು. ಆ ರೇಖೆಯು ಧ್ರುವದಿಂದ ಸುಮಾರು 19 ಅಂಶ ದೂರದಲ್ಲಿ ಹಾದುಹೋಗುತ್ತದೆ. ವಿಮಾನವಾದರೋ ಉತ್ತರಧ್ರುವದ ಮೇಲೆಯೇ ಬಂದಿತು. ಅಕ್ಷಾಂಶಗಳಿಂದ ಲೆಕ್ಕ ಹಾಕಿದರೆ, ನೇರವಾಗಿ ಧ್ರುವಕ್ಕೇರಿ ಇಳಿಯುವ ಮಾರ್ಗ 14,370 ಕಿಲೋಮೀಟರಿನಷ್ಟಾಗುತ್ತದೆ. ಮೇಲ್ಗಾಳಿ ಎದುರಾದರೆ ಹ್ರಸ್ವಮಾರ್ಗವೇ ದೀರ್ಘಕಾಲದ್ದಾಗುತ್ತದೆ. ಗಾಳಿಯನ್ನು ನೋಡಿ ಮಾರ್ಗವನ್ನು ನಿಶ್ಚಯಿಸುವುದು ವೈಮಾನಿಕರ ಕ್ರಮ.

ಕಾಲಗಣನೆಯಲ್ಲಿಯೂ ಎಚ್ಚರ ಬೇಕು. 9ನೆಯ ತಾರೀಖಿನ ರಾತ್ರಿ ಹೊರಟ ಆ ವಿಮಾನ 11ರ ಬೆಳಗಿನ ಜಾವ ಇಳಿಯಿತು. ತಾರೀಖುಗಳನ್ನು ಎಣಿಸಿದರೆ ಒಂದು ದಿನಕ್ಕೂ ಮೀರಿದ ಪ್ರಯಾಣವೆಂದು ತೋರುತ್ತದೆ. ಚಳಿಗಾಲದಲ್ಲಿ ಬೆಂಗಳೂರಿನ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದು. ಅದನ್ನು ಕಳೆದರೆ ಉಳಿಯುವ ನಿಜವಾದ ಕಾಲ ಸುಮಾರು 17 ಗಂಟೆ. ನಮ್ಮ ರೈಲು ಘಟ್ಟವನ್ನಿಳಿಯುವ ಹೊತ್ತಿಗೆ ಆ ವಿಮಾನ 1600 ಕಿಲೋಮೀಟರಿಗೂ ಮಿಗಿಲಾಗಿ ಸಾಗಿರುತ್ತದೆ.

ಆದುದರಿಂದ ಕಾವ್ಯಪಾಠದಲ್ಲಿ ‘ಯೋಜನ’ವು ಬಂದಾಗ ಅದನ್ನು ಒಂದೇ ನಿಯತಸಂಖ್ಯೆಯ ಮೈಲಿಗಳಿಗೆ ತಿರುಗಿಸಿ, ಕವಿಯು ಉತ್ಪ್ರೇಕ್ಷೆ ಮಾಡಿದನೆಂದೋ ಭೂಗೋಳವನ್ನರಿಯನೆಂದೋ ತೀರ್ಪು ಕೊಡುವುದು ಸಾಧುವಲ್ಲ. ಅಲ್ಲಿ ವಿವಕ್ಷಿತವಾದುದು ನೆಲದ ಅಳತೆಯೋ ಪಯಣದ ಶ್ರಮವೋ ಎಂಬುದನ್ನು ಪ್ರಕರಣದಿಂದ ಮೊದಲು ನಿರ್ಣಯಿಸಿಕೊಳ್ಳಬೇಕು.