ನಿಮಗಿದು ಗೊತ್ತೇ? ಬಣ್ಣ ಹೋಯಿತು, ಕೂದಲು ಒರಟಾಯಿತು

ಮದುವೆಗೆಂದೋ ಹಬ್ಬಕ್ಕೆಂದೋ ಹಚ್ಚಿಕೊಂಡ ಬಣ್ಣ ಮುಖಕ್ಕೆ ಒಪ್ಪಲಿಲ್ಲ. ಮನೆಯಲ್ಲೇ ಹೇಗೋ ತೆಗೆದದ್ದಾಯಿತು. ಈಗ ಬಾಚಣಿಗೆ ಇಟ್ಟರೆ ಸಿಕ್ಕು, ಎಳೆದರೆ ತುಂಡು. ಕೈಗೆ ಸಿಕ್ಕಿದ್ದನ್ನೆಲ್ಲ ತಲೆಗೆ ಮೆತ್ತುವ ಮುಂಚೆ ಇಷ್ಟು ತಿಳಿದಿರಲಿ.

ನೆತ್ತಿಯಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಜೀವಕೋಶಗಳ ಕೆಲಸವೇನಿದ್ದರೂ ಚರ್ಮದೊಳಗಿನ ಬುಡದಲ್ಲಿ. ಕಣ್ಣಿಗೆ ಕಾಣುವ ಎಳೆ ಬಹುಪಾಲು ಕೆರಾಟಿನ್ ಎಂಬ ಪ್ರೋಟೀನು. ಚರ್ಮ ಕೊಯ್ದರೆ ಮಾಯುತ್ತದೆ, ಕೂದಲು ತಾನಾಗಿ ಮಾಯುವುದಿಲ್ಲ. ಆದ್ದರಿಂದ ಆರೈಕೆಯೆಂದರೆ ಉಳಿದಿರುವುದನ್ನು ಮುರಿಯದಂತೆ ಕಾಯುವುದು. ಇದೊಂದು ಮನಸ್ಸಿಗೆ ಬಂದರೆ ಅರ್ಧ ಖರ್ಚು ಉಳಿಯುತ್ತದೆ.

ಎಳೆಯ ಮೇಲ್ಮೈಗೆ ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಚಾಚಿದ ಹುರುಪೆಗಳಿವೆ. ಐದರಿಂದ ಹತ್ತು ಪದರ. ಪರ್ಮನೆಂಟ್ ಡೈಯಲ್ಲಿರುವ ಅಮೋನಿಯಾ ಈ ಹುರುಪೆಗಳನ್ನು ಎಬ್ಬಿಸುತ್ತದೆ. ಬಣ್ಣದ ಸಣ್ಣ ಅಣುಗಳು ಒಳಗಿಳಿದು, ಹೈಡ್ರೋಜನ್ ಪೆರಾಕ್ಸೈಡ್ ಸೇರಿದ ಮೇಲೆ ಒಂದಕ್ಕೊಂದು ಕೂಡಿಕೊಂಡು ದೊಡ್ಡವಾಗುತ್ತವೆ. ಒಳಗೇ ಬೆಳೆದ ಅಣು ಬಂದ ದಾರಿಯಲ್ಲಿ ವಾಪಸು ಹೋಗಲಾರದು. ಎಷ್ಟು ಶಾಂಪೂ ಉಜ್ಜಿದರೂ ಡೈ ಬಿಡದಿರುವುದು ಇದಕ್ಕೇ.

ಕಲರ್ ರಿಮೂವರ್ ಬೇರೆ, ಬ್ಲೀಚ್ ಬೇರೆ. ಗಂಧಕದ ಅಂಶವಿರುವ ರಿಮೂವರ್ ಆ ದೊಡ್ಡ ಅಣುವನ್ನು ಮತ್ತೆ ಚಿಕ್ಕದು ಮಾಡುತ್ತದೆ. ಬಚ್ಚಲುಮನೆ ತುಂಬ ಕೊಳೆತ ಮೊಟ್ಟೆಯ ವಾಸನೆ ಹರಡುವುದು ಆ ಗಂಧಕದಿಂದಲೇ. ಆ ವಾಸನೆಗೆ ಬೇಸತ್ತು ಬೇಗ ತೊಳೆದು ಎದ್ದುಬಂದರೆ ಒಳಗುಳಿದ ಅಣುಗಳು ಗಾಳಿ ತಗುಲಿ ಪುನಃ ಕೂಡಿಕೊಳ್ಳುತ್ತವೆ. ಒಂದೆರಡು ದಿನದಲ್ಲಿ ಕೂದಲು ಮತ್ತೆ ಕಪ್ಪು. ಪ್ಯಾಕೆಟ್ ಮೇಲೆ ಬರೆದಷ್ಟು ಹೊತ್ತು ನೀರು ಬಿಡಲೇಬೇಕು. ಬ್ಲೀಚ್ ಹಾಗಲ್ಲ. ಅದು ಡೈಯ ಜೊತೆಗೆ ನಮ್ಮ ಸಹಜ ಬಣ್ಣವಾದ ಮೆಲನಿನ್ನನ್ನೂ, ಎಳೆಯನ್ನು ಗಟ್ಟಿಯಾಗಿ ಹಿಡಿದಿಡುವ ಗಂಧಕದ ಬಂಧಗಳನ್ನೂ ಕರಗಿಸುತ್ತದೆ. ಹೆಚ್ಚು ಒಣಗಿಸುವುದು ಅದೇ.

ರಿಮೂವರ್ ಹಾಕಿದರೆ ಕೂದಲಿನ ಸಹಜ ಕಪ್ಪು ತಿರುಗಿ ಬರುತ್ತದೆಯೇ? ಬರುವುದಿಲ್ಲ. ಡೈ ಹಚ್ಚಿದ ದಿನವೇ ಪೆರಾಕ್ಸೈಡು ಸ್ವಲ್ಪ ಮೆಲನಿನ್ ತೆಗೆದಿರುತ್ತದೆ. ಅದಕ್ಕೇ ಅಡಿಯಿಂದ ಕೆಂಪು, ಕಿತ್ತಳೆ ಛಾಯೆ ಇಣುಕುವುದು.

ಅಡುಗೆ ಸೋಡಾ, ಪಾತ್ರೆ ತೊಳೆಯುವ ಲಿಕ್ವಿಡ್ಡು ತಲೆಗೆ ಬೇಡ. ನೆತ್ತಿಯ ಚರ್ಮದ ಪಿಎಚ್ ಸುಮಾರು 5.5, ಕೂದಲಿನ ಎಳೆಯದು ಇನ್ನೂ ಹುಳಿ, ಸುಮಾರು 3.7. ಸೋಡಾದ್ದು 8ಕ್ಕೂ ಮೇಲೆ. ಮೊದಲೇ ಎದ್ದ ಹುರುಪೆ ಸೋಡಾದಿಂದ ಇನ್ನಷ್ಟು ಏಳುತ್ತದೆ. ಹಾಗೆಂದು ನಿಂಬೆರಸವನ್ನು ನೇರ ಸುರಿದುಕೊಂಡು ಬಿಸಿಲಿಗೆ ಕೂರಬೇಡಿ; ಅದರ ಪಿಎಚ್ ಸುಮಾರು 2, ಬಿಸಿಲು ಸೇರಿದರೆ ಕೂದಲು ಇನ್ನೂ ಒಣಗುತ್ತದೆ. ಸ್ವಲ್ಪ ಹುಳಿ ಗುಣದ ಕಂಡೀಷನರ್ ಸಾಕು.

ಆರೋಗ್ಯವಾಗಿರುವ ಕೂದಲಿನ ಮೇಲೆ ನೀರು ಹನಿಯಾಗಿಯೇ ನಿಂತು ಜಾರುತ್ತದೆ. ಮೇಲ್ಪದರಕ್ಕೆ ಅಂಟಿಕೊಂಡಿರುವ 18-ಎಂಇಎ ಎಂಬ ಕೊಬ್ಬಿನಾಮ್ಲದ ಕೆಲಸ ಅದು. ಬ್ಲೀಚಿನಲ್ಲಿ ಅದು ಕಿತ್ತುಹೋಗುತ್ತದೆ. ಆಮೇಲೆ ಕೂದಲು ನೀರನ್ನು ಹೀರಿ ಉಬ್ಬುತ್ತದೆ, ಒಣಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ಒಣಗಿದ ಮೇಲೆ ಎಳೆಗೆ ಎಳೆ ಉಜ್ಜಿ ಸಿಕ್ಕುಗಟ್ಟುತ್ತದೆ.

ಎಷ್ಟು ಹಾನಿಯಾಗಿದೆ ಎಂದು ನೋಡಬೇಕೆ? ಉದುರಿದ ಒಂದು ಎಳೆಯನ್ನು ಒದ್ದೆ ಮಾಡಿ ಎರಡೂ ಕೈಯ ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಗ್ಗಿ, ಬಿಟ್ಟಾಗ ಮೊದಲಿನ ಉದ್ದಕ್ಕೆ ಬಂದರೆ ಕೂದಲಲ್ಲಿ ಇನ್ನೂ ಕಸುವಿದೆ. ಹಿಗ್ಗುತ್ತಲೇ ಹೋಗಿ ಮೆತ್ತಗೆ ಜೋತುಬಿದ್ದರೆ, ಇಲ್ಲವೇ ಎಳೆದ ಕೂಡಲೇ ತುಂಡಾದರೆ, ತಿಂಗಳುಗಟ್ಟಲೆ ಯಾವ ರಾಸಾಯನಿಕವನ್ನೂ ಹತ್ತಿರ ಸೇರಿಸಬೇಡಿ.

ಕಂಡೀಷನರ್‌ಗೆ ಕೂದಲಿನಲ್ಲಿ ಎಲ್ಲಿ ಹಾನಿಯಾಗಿದೆ ಎಂಬುದು ಹೆಚ್ಚುಕಡಿಮೆ ಗೊತ್ತಾಗುತ್ತದೆ! ಹಾಳಾದ ಜಾಗದಲ್ಲಿ ಋಣ ವಿದ್ಯುದಂಶ ಹೆಚ್ಚು, ಕಂಡೀಷನರಿನ ಮುಖ್ಯ ಪದಾರ್ಥದಲ್ಲಿ ಧನ ವಿದ್ಯುದಂಶ. ಹೆಚ್ಚು ಒರಟಾದ ಕಡೆಯೇ ಹೆಚ್ಚು ಅಂಟುತ್ತದೆ. ಬುಡಕ್ಕೆ ಬೇಡ, ಕಿವಿಯಿಂದ ಕೆಳಗೆ, ತುದಿಗೆ ಧಾರಾಳವಾಗಿ ಹಚ್ಚಿ, ಅದು ತಲೆಯಲ್ಲಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ.

ಇನ್ನು ಕೊಬ್ಬರಿ ಎಣ್ಣೆ. ನಮ್ಮ ಅಜ್ಜಿಯರ ಪಕ್ಷಕ್ಕೆ ವಿಜ್ಞಾನ ಗಟ್ಟಿಯಾಗಿ ನಿಂತಿರುವುದು ಇಲ್ಲಿ. ಮುಂಬೈಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಹೋಲಿಸಿ ನೋಡಿದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನು ಸೋರಿಹೋಗುವುದನ್ನು ಚೆನ್ನಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದೂ ಬ್ಲೀಚ್ ಆದ ಕೂದಲಿನಲ್ಲಿ ಕೂಡ. ಅದರಲ್ಲಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು, ಎಳೆಯೊಳಕ್ಕೆ ನುಗ್ಗಬಲ್ಲದು. ಉಳಿದ ಎಣ್ಣೆಗಳು ಬಹುಮಟ್ಟಿಗೆ ಮೇಲೆಯೇ ಉಳಿಯುತ್ತವೆ. ಇಲ್ಲೊಂದು ಸೂಕ್ಷ್ಮವಿದೆ: ಸ್ನಾನಕ್ಕೆ ಮೊದಲು ಹಚ್ಚಿದರೆ ಲಾಭ ಜಾಸ್ತಿ. ಒಳಸೇರಿದ ಎಣ್ಣೆ ಕೂದಲು ನೀರು ಕುಡಿದು ಉಬ್ಬುವುದನ್ನು ತಡೆಯುತ್ತದೆ. ರಾತ್ರಿ ಅಂಗೈಯಲ್ಲಿ ಸವರಿ ತುದಿಗೆ ಹಚ್ಚಿ, ಸಡಿಲ ಜಡೆ ಹಾಕಿ ಮಲಗಿ. ಬೆಳಿಗ್ಗೆ ಸೌಮ್ಯ ಶಾಂಪೂವನ್ನು ನೆತ್ತಿಗಷ್ಟೇ ಹಾಕಿ. ಇಳಿದುಬರುವ ನೊರೆ ತುದಿಗೆ ಸಾಕು. ಎಣ್ಣೆಸ್ನಾನದ ಉತ್ಸಾಹದಲ್ಲಿ ಸೀಗೆಪುಡಿ ಹಾಕಿ ತಿಕ್ಕುವುದು ಮಾತ್ರ ಕೆಲವು ತಿಂಗಳು ಬೇಡ. ತರಿತರಿ ಪುಡಿ ಎದ್ದ ಹುರುಪೆಯನ್ನು ಕೆರೆಯುತ್ತದೆ.

ಮೊಟ್ಟೆ ಹಚ್ಚಿದರೆ ಪ್ರೋಟೀನು ಸಿಗುತ್ತದೆಯೇ? ಮೊಟ್ಟೆಯ ಪ್ರೋಟೀನಿನ ಅಣು ಎಳೆಯೊಳಗೆ ಹೋಗಲಾರದಷ್ಟು ದೊಡ್ಡದು. ಬಿಸಿನೀರು ಹೊಯ್ದರೆ ತಲೆಯ ಮೇಲೇ ಬೇಯುತ್ತದೆ. ಬಾಟಲಿ ಹಿಂದೆ ‘ಹೈಡ್ರೊಲೈಸ್ಡ್’ ಎಂದಿದ್ದರೆ ಪ್ರೋಟೀನನ್ನು ಚಿಕ್ಕ ಚೂರು ಮಾಡಿದ್ದಾರೆ ಎಂದರ್ಥ. ಹೋದರೆ ಅದು ಒಳಗೆ ಹೋಗುತ್ತದೆ.

ದಾಸವಾಳದ ಎಲೆ ಕಿವುಚಿದಾಗ, ಮೆಂತ್ಯ ನೆನೆಸಿದಾಗ ಬರುವ ಲೋಳೆ ಕೂದಲಿಗೆ ಜಾರುವ ಗುಣ ಕೊಡುತ್ತದೆ. ಒಳಗನ್ನು ಸರಿಪಡಿಸದು, ಆದರೆ ಸಿಕ್ಕು ಬಿಡಿಸುವಾಗ ತುಂಡಾಗುವುದು ಕಡಿಮೆ. ಬಟ್ಟೆಯಲ್ಲಿ ಸೋಸಿ ಹಚ್ಚಿ. ಇದು ನಾನು ಯಾರಿಗಾದರೂ ನಿಶ್ಚಿಂತೆಯಿಂದ ಹೇಳುವ ಮನೆಮದ್ದು.

ಮುರಿದ ಗಂಧಕದ ಬಂಧಗಳನ್ನು ಮತ್ತೆ ಕೂಡಿಸುತ್ತದೆ ಎನ್ನುವ ‘ಬಾಂಡ್ ಬಿಲ್ಡರ್’ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. 2014ರಲ್ಲಿ ಮಾರುಕಟ್ಟೆಗೆ ಬಂದ ಓಲಾಪ್ಲೆಕ್ಸ್‌ನ ಹಿಂದೆ ಕ್ರೇಗ್ ಹಾಕರ್ ಮತ್ತು ಎರಿಕ್ ಪ್ರೆಸ್ಲಿ ಎಂಬ ರಸಾಯನವಿಜ್ಞಾನಿಗಳಿದ್ದರು. ಬೆಲೆ ಹೆಚ್ಚು, ಬ್ಲೀಚಿನಿಂದ ಕೂದಲು ಹಾಳಾದವರು ಯೋಚಿಸಬಹುದು. ಸೀಳಿದ ತುದಿಯನ್ನು ಮಾತ್ರ ಇದೂ ಶಾಶ್ವತವಾಗಿ ಬೆಸೆಯದು.

ಒದ್ದೆ ಕೂದಲಿಗೆ ಬಿಸಿ ಐರನ್ ಒತ್ತಿದರೆ ಒಳಗಿನ ನೀರು ಆವಿಯಾಗಿ ಎಳೆಯೊಳಗೇ ಗುಳ್ಳೆಗಳಾಗುತ್ತವೆ. ವೈದ್ಯರು ಇದನ್ನು ‘ಬಬಲ್ ಹೇರ್’ ಎನ್ನುತ್ತಾರೆ. ಗುಳ್ಳೆ ಇರುವಲ್ಲೇ ಮುರಿಯುತ್ತದೆ. ಟರ್ಕಿ ಟವೆಲ್ಲಿನಲ್ಲಿ ಉಜ್ಜುವ ಬದಲು ಹಳೆಯ ಪಾಣಿಪಂಚೆಯಲ್ಲಿ ಒತ್ತಿ ನೀರು ತೆಗೆಯಿರಿ.

ಬೆಂಗಳೂರಿನ ಎಷ್ಟೋ ಬಡಾವಣೆಗಳವರಂತೆ ಬೋರ್‌ವೆಲ್ಲಿನ ಗಡಸು ನೀರೇ ಗತಿಯಾದವರು ಗಮನಿಸಿ: ಹಾಳಾದ ಕೂದಲು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹೆಚ್ಚಾಗಿ ಹಿಡಿದಿಟ್ಟುಕೊಳ್ಳುತ್ತದೆ. ಸೋಪು ಹಾಕಿದರಂತೂ ಬೂದಿಯಂಥ ಕಿಟ್ಟ ಕೂರುತ್ತದೆ. ಕೊನೆಯ ಎರಡು ಚೊಂಬು ಆರ್‌ಒ ಫಿಲ್ಟರ್ ನೀರು ಹಾಕಿಕೊಂಡರೂ ವ್ಯತ್ಯಾಸ ತಿಳಿಯುತ್ತದೆ.

ನೀರಿನ ಲೋಹ ಹೀಗೆ ಅಂಟುವುದಕ್ಕೆ ಇನ್ನೊಂದು ಉದಾಹರಣೆ: ಈಜುಕೊಳದಲ್ಲಿ ಬ್ಲೀಚ್ ಆದ ಕೂದಲು ಹಸಿರಾಗುವುದು ಕ್ಲೋರಿನ್‌ನಿಂದಲ್ಲ, ನೀರಿನಲ್ಲಿರುವ ತಾಮ್ರದಿಂದ.

ಬಣ್ಣ ತೆಗೆದ ಕೂಡಲೇ ಗೋರಂಟಿ ಹಾಕೋಣ ಎನ್ನುವವರು ಸ್ವಲ್ಪ ನಿಲ್ಲಿ. ಗೋರಂಟಿಗೆ ಬಣ್ಣ ಕೊಡುವ ಲಾಸೋನ್ ಕೆರಾಟಿನ್‌ಗೆ ಅಂಟಿದರೆ ಸುಲಭವಾಗಿ ಬಿಡದು. ‘ಕಪ್ಪು ಮೆಹೆಂದಿ’ ಎಂದು ಮಾರುವ ಎಷ್ಟೋ ಪುಡಿಗಳಲ್ಲಿ ಪಿಪಿಡಿ ಎಂಬ ಡೈಯೇ ಇರುತ್ತದೆ. ಕೆಲವರಿಗೆ ಅದರಿಂದ ತೀವ್ರ ಅಲರ್ಜಿ. ಲೋಹದ ಲವಣ ಬೆರೆಸಿದ ಪುಡಿಯಾದರೆ, ಮುಂದೆ ಪೆರಾಕ್ಸೈಡ್ ತಾಗಿದಾಗ ತಲೆಯ ಮೇಲೇ ಕಾವೇರಬಹುದು. ಹಾಗೆಯೇ, ಒಣಗಿದ ಕೂದಲನ್ನು ನುಣುಪು ಮಾಡುತ್ತೇವೆಂದು ಪಾರ್ಲರಿನಲ್ಲಿ ‘ಕೆರಾಟಿನ್ ಟ್ರೀಟ್‌ಮೆಂಟ್’ ಹೇಳಿದರೆ ಅದರಲ್ಲಿ ಏನಿದೆ ಎಂದು ಕೇಳಿ. ಕೆಲವು ಬಗೆಗಳಿಂದ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ಹೊಮ್ಮುತ್ತದೆ.

ನೆತ್ತಿಯಲ್ಲಿ ಉರಿ, ಗುಳ್ಳೆ, ಹುಣ್ಣು ಇದ್ದರೆ ಎಣ್ಣೆಯೂ ಬೇಡ, ಲೋಳೆಯೂ ಬೇಡ. ನೇರ ಚರ್ಮದ ಡಾಕ್ಟರ ಬಳಿ ಹೋಗಿ. ತುಂಡಾಗಿ ಬೀಳದೆ ಬುಡಸಮೇತ ಗೊಂಚಲಾಗಿ ಉದುರುತ್ತಿದ್ದರೂ ಅಷ್ಟೇ.

ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು 1 ಸೆಂಟಿಮೀಟರ್, ಸ್ವಲ್ಪ ಹೆಚ್ಚು. ಭುಜದವರೆಗೆ, ಅಂದರೆ 30 ಸೆಂಟಿಮೀಟರ್ ಹೊಸ ಕೂದಲು ಬರಲು ಎರಡು ವರ್ಷದ ಮೇಲೆ ಬೇಕು. ಒಂದೇ ಸಲ ಗಿಡ್ಡ ಮಾಡಿಸಲು ಮನಸ್ಸಿಲ್ಲದವರು ಎರಡು ತಿಂಗಳಿಗೊಮ್ಮೆ ತುದಿಯ ಒಂದು ಸೆಂಟಿಮೀಟರ್ ಕತ್ತರಿಸುತ್ತ ಬಂದರೆ ಉದ್ದವೂ ನಿಧಾನ ಹೆಚ್ಚುತ್ತದೆ, ಸೀಳು ಮೇಲಕ್ಕೆ ಹತ್ತುವುದೂ ನಿಲ್ಲುತ್ತದೆ.